ಬೆರಳಿಗೆ ಇಳಿಯುವ ಬೋಲ್ಟು

೨೦೨೪ ಮೇ ೧೨, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಟ್ಯಾಂಕಿನ ಹಿಂದಿನ ಬೋಲ್ಟು ತೂತಿಗೆ ಇಳಿಯಲಿಲ್ಲ.

ದೇವಿದಾಸನ ಬೆನ್ನು ಬೆವರಿತು.

ಬಿಣಗಾದ ಅವನ ಮನೆಯಂಗಳ. ಸ್ಟ್ಯಾಂಡಿನ ಮೇಲೆ, ಅಪ್ಪನ ೧೯೭೧ರ ಬುಲೆಟ್ಟಿನ ನಂಬರ್ ಪ್ಲೇಟು ಹೊತ್ತ ಗಾಡಿ. ಅದರ ಮೇಲೆ, ತಮ್ಮ ಮಧುಕರ ಹಾರವಾಡದಿಂದ ಮೀನಿನ ಟೆಂಪೋದಲ್ಲಿ ಕಂಬಳಿ ಸುತ್ತಿ ತಂದ ಪೆಟ್ರೋಲ್ ಟ್ಯಾಂಕು. ಬೋಲ್ಟು ಹಿಡಿದು ಬಗ್ಗಿ ನಿಂತವನು ಕದ್ವಾಡದ ಮೆಕ್ಯಾನಿಕ್ ಶನಿಯಾರ.

ಅಪ್ಪ ಸಾಯುವ ಮೊದಲೇ ಹಿಸ್ಸೆ ಮಾಡಿದ್ದ. ಗಾಡಿ ದೊಡ್ಡವನಿಗೆ, ಟ್ಯಾಂಕು ಸಣ್ಣವನಿಗೆ. ಟ್ಯಾಂಕಿಲ್ಲದ ಗಾಡಿ ಓಡುವುದಿಲ್ಲ. ಗಾಡಿಯಿಲ್ಲದ ಟ್ಯಾಂಕು ನೀರು ತುಂಬಿಡಲಿಕ್ಕೂ ಆಗುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಅಣ್ಣತಮ್ಮ ಒಂದೇ ಅಂಗಳದಲ್ಲಿ ನಿಲ್ಲಲಿ ಎಂಬ ಉಪಾಯ. ಮೇ ತಿಂಗಳ ಎರಡನೇ ಭಾನುವಾರ ಟ್ಯಾಂಕು ಏರಿಸುವುದು, ಇಬ್ಬರೂ ಅಮದಳ್ಳಿಯ ತನಕ ಹೋಗಿ ಬರುವುದು, ಟ್ಯಾಂಕು ಇಳಿಸುವುದು. ಹಿಸ್ಸೆ ಕಾಗದದ ಕೊನೆಗೆ ಇನ್ನೊಂದು ಸಾಲಿತ್ತು: ತನ್ನ ಪಾಲು ಕೈಬಿಟ್ಟವನಿಗೆ ಹಾರವಾಡದ ಹಿತ್ತಲಿನ ಕರಿ ಇಶಾಡ ಮಾವಿನ ಒಂದು ಹಣ್ಣೂ ಇಲ್ಲ. ಅಂಕೋಲೆ ಕಡೆಯವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿಲ್ಲ.

ದೇವಿದಾಸ ತನ್ನ ಪಾಲು ಕೈಬಿಟ್ಟಿದ್ದ.

ಕಳೆದ ಚೌತಿಯ ಇಸ್ಪೀಟಿನಲ್ಲಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತ ಕಲಿಸಿದವನು. ಯಾವ ಎಲೆ ಯಾರ ಕೈಯಲ್ಲಿರಬಹುದು ಎಂದು ಲೆಕ್ಕ ಹಾಕಿಯೇ ಗಾಡಿಯನ್ನು ಪಣಕ್ಕಿಟ್ಟಿದ್ದ. ಲೆಕ್ಕ ಸರಿಯಿತ್ತು, ಎಲೆ ಶನಿಯಾರನ ಕೈಯಲ್ಲಿತ್ತು. ಶನಿಯಾರ ಒಳ್ಳೆಯವನು. ಗುಟ್ಟು ಬಿಡುವುದಿಲ್ಲ ಎಂದ. ಹುಬ್ಬಳ್ಳಿಯ ಗುಜರಿಯಿಂದ ಅದೇ ಕಾಲದ ಇನ್ನೊಂದು ಗಾಡಿ ತಂದು, ಅದೇ ಕಪ್ಪು ಬಣ್ಣ ಹೊಡೆದು, ಹಳೆಯ ನಂಬರ್ ಪ್ಲೇಟು ಸಿಕ್ಕಿಸಿ ಅಂಗಳದಲ್ಲಿ ನಿಲ್ಲಿಸಿ ಹೋದ.

ಅಪ್ಪ ಹೇಳುತ್ತಿದ್ದ: ಟ್ಯಾಂಕು ತನ್ನ ಗಾಡಿಯ ಮೇಲೆ ಕೂತರೆ ಬೋಲ್ಟು ಬೆರಳಿಗೇ ಇಳಿಯಬೇಕು, ಪಾನಾ ಬಿಗಿಯಲಿಕ್ಕೆ ಮಾತ್ರ. ಕಳೆದ ವರ್ಷದ ತನಕ ಇಳಿದಿತ್ತು. ಈಗ ಮಧುಕರ ಆ ತೂತನ್ನೇ ನೋಡುತ್ತಿದ್ದ.

ಶನಿಯಾರ ಜೇಬಿನಿಂದ ಉಕ್ಕಿನ ಅಳತೆಪಟ್ಟಿ ತೆಗೆದು ಇಟ್ಟ. "ನಾಲ್ಕು ಮಿಲಿಮೀಟರು ಆಚೀಚೆ ಅದೆ, ಮಾಸ್ತರ್ರೆ."

"ಬಿಸಿಲು," ದೇವಿದಾಸ ತಟ್ಟನೆ ಹೇಳಿದ. "ಲೋಹ ಹಿಗ್ತದೆ."

ಟ್ಯಾಂಕಿನಷ್ಟುದ್ದದ ಉಕ್ಕು ಇಂಥ ಬಿಸಿಲಿಗೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಹಿಗ್ಗಿದರೆ ಹೆಚ್ಚು. ಒಂಬತ್ತನೇ ತರಗತಿಯವರೂ ನಕ್ಕುಬಿಡುತ್ತಿದ್ದರು. ಮಧುಕರ ನಗಲಿಲ್ಲ.

"ಹೌದಲ್ಲ," ಎಂದ. "ಟೆಂಪೋದಲ್ಲಿ ಟ್ಯಾಂಕು ಕಾಯ್ದು ಹಂಚಿನ ಹಾಗೆ ಆಗಿತ್ತು. ನಿನ್ನ ಗಾಡಿದು ಏನೂ ತಪ್ಪಿಲ್ಲ, ಅಣ್ಣ."

"ನಿನ್ನ ಟ್ಯಾಂಕಿಂದೂ ಇಲ್ಲ ಮಾರಾಯ. ಬಣ್ಣ ಹೊಡೆಸಿದ್ಯ?"

"ಉಪ್ಪುಗಾಳಿ. ತುಕ್ಕು ಹತ್ತೂದು ಬೇಡ ಅಂತ. ತೆಂಗಿನಕಾಯಿ ಬಿದ್ದ ತಗ್ಗು ಮಾತ್ರ ಹಾಗೇ ಬಿಡಿಸಿದೆ, ನೋಡು." ಬಂದಾಗಿನಿಂದ ಆ ತಗ್ಗನ್ನು ಮೂರು ಸಲ ತೋರಿಸಿದ್ದ.

"ಕೊಟ್ಟದ್ದನ್ನು ಜೋಪಾನ ಮಾಡೂದು ಅಂದ್ರೆ ಹೀಗೆ. ಅಪ್ಪ ನೋಡ್ಬೇಕಿತ್ತು."

ಮಧುಕರ ಕೆಮ್ಮಿದ. "ಟ್ಯಾಂಕು ಇರ್ಲಿ ಬಿಡು. ಅಂವ ಮೊದಲು ನಿನ್ನ ಗಾಡಿಯನ್ನೇ ನೋಡ್ತಿದ್ದ."

ಈಗ ಕೆಮ್ಮು ದೇವಿದಾಸನಿಗೆ ಬಂತು. ತಮ್ಮನ ಮುಖ ನೋಡಿದ. ಅನುಮಾನ ಕಾಣಲಿಲ್ಲ. ಇವನಿಗೆ ನನ್ನ ಮೇಲೆ ಎಷ್ಟು ನಂಬಿಕೆ ಅನಿಸಿತು.

"ಗಾಡಿದೂ ತಪ್ಪಿಲ್ಲ, ಟ್ಯಾಂಕಿಂದೂ ತಪ್ಪಿಲ್ಲ ಅಂದ್ರೆ ತಪ್ಪು ನಂದೇ ಆಗ್ಬೇಕು," ಶನಿಯಾರ ಹೇಳಿದ. "ಅರ ತಗಂಡು ತೂತು ತಿಕ್ಲಾ?"

"ತಿಕ್ಕು," ಅಣ್ಣತಮ್ಮ ಒಟ್ಟಿಗೇ ಹೇಳಿದರು.

ಶನಿಯಾರ ತಿಕ್ಕಿದ. ಸೈಕಲ್ ಟ್ಯೂಬಿನ ತುಂಡು ಮಡಚಿ ಟ್ಯಾಂಕಿನ ಅಡಿಗೆ ಕೊಟ್ಟ. ಕ್ಲಚ್ ಕೇಬಲ್ ಸಿಕ್ಕಿಕೊಳ್ಳದ ಹಾಗೆ ಪಕ್ಕಕ್ಕೆ ಸರಿಸಿ, ಬೋಲ್ಟನ್ನು ಪಾನಾ ಹಾಕಿ ಎಳೆದು ಬಿಗಿದ. ಪೈಪು ಸಿಕ್ಕಿಸಿ ಪೆಟ್ರೋಲ್ ಬಿಟ್ಟ. ನಾಲ್ಕನೇ ಒದೆತಕ್ಕೆ ಗಾಡಿ ಎದ್ದಿತು. ಅಣ್ಣ ಮುಂದೆ, ತಮ್ಮ ಹಿಂದೆ. ಅಮದಳ್ಳಿಗೆ ಹೋಗಿ ಬರುವ ತನಕ ಇಬ್ಬರ ಕಿವಿಯೂ ಆ ಬೋಲ್ಟಿನ ಕಡೆಗಿತ್ತು.

ಪ್ರತಿವರ್ಷ ಊಟವಾಗಿ, ಒಂದು ನಿದ್ದೆಯಾದ ಮೇಲೆ ಟ್ಯಾಂಕು ಇಳಿಸುವ ಮಾತು ಬರುತ್ತಿತ್ತು. ಈ ಸಲ ಗಾಡಿ ನಿಲ್ಲಿಸಿದ ಕೂಡಲೇ, "ಇಳಿಸಿಬಿಡುವ, ಊಟ ಆಮೇಲೆ" ಎಂದ ಮಧುಕರ. ದೇವಿದಾಸ ಅಷ್ಟರಲ್ಲೇ ಸೀಟು ಎತ್ತಿದ್ದ. ಪೈಪು ತೆಗೆದು, ಪೆಟ್ರೋಲನ್ನು ಕ್ಯಾನಿಗೆ ಸುರಿದು, ಬೋಲ್ಟು ಬಿಚ್ಚಿ, ಟ್ಯಾಂಕನ್ನು ಹಿಂದಕ್ಕೆ ಎಳೆದೆತ್ತಿ ಕಂಬಳಿಯೊಳಗೆ ಹಾಕಲು ಆರು ನಿಮಿಷವೂ ಬೇಕಾಗಲಿಲ್ಲ.

ಮಧುಕರ ಎರಡು ಬುಟ್ಟಿ ಇಶಾಡ ತಂದಿದ್ದ. ಒಂದು ಅಣ್ಣನ ಪಾಲು. ಇನ್ನೊಂದನ್ನು ಶನಿಯಾರನ ಕಾಲ ಬಳಿ ಇಟ್ಟ. ಹಿಂದೆ ಯಾವ ವರ್ಷವೂ ಅವನು ಮೆಕ್ಯಾನಿಕ್‌ಗೆ ಒಂದು ಮಿಡಿಯನ್ನೂ ಕೊಟ್ಟವನಲ್ಲ. ತಮ್ಮನಿಗೆ ವಯಸ್ಸಾಗುತ್ತಿದೆ, ಕೈ ಸಡಿಲವಾಗಿದೆ ಎಂದುಕೊಂಡ ದೇವಿದಾಸ.

ಊಟ ಮುಗಿದು ಮಧುಕರನ ಟೆಂಪೋ ಹೆದ್ದಾರಿಗೆ ಇಳಿದ ಮೇಲೆ, ದೇವಿದಾಸ ತನ್ನ ಬುಟ್ಟಿಯ ಅರ್ಧವನ್ನು ಚೀಲಕ್ಕೆ ಸುರಿದು ಶನಿಯಾರನ ಕೈಗೆ ಕೊಟ್ಟ.

"ಆ ಬೋಲ್ಟಿನ ಸುದ್ದಿ ಹಾರವಾಡ ಮುಟ್ಟೂದು ಬೇಡ."

"ಯಾವ ಬೋಲ್ಟು, ಮಾಸ್ತರ್ರೆ?"

"ಮತ್ತೆ, ಚೌತಿಗೆ ಬಾ. ಈ ಸಲ ನಾನು ಬಿಡೂದಿಲ್ಲ."

"ಬರ್ತೆ. ನೀವು ಲೆಕ್ಕ ಹಾಕೂದು ಮಾತ್ರ ಬಿಡಬೇಡಿ."

ನಾಲ್ಕು ಗಂಟೆಗೆ ಶನಿಯಾರ ಕದ್ವಾಡದಲ್ಲಿ ತನ್ನ ಶೆಡ್ಡಿನ ಬಾಗಿಲು ತೆಗೆದ. ಬುಟ್ಟಿ, ಚೀಲ ಇಳಿಸಿ ತಾಡಪಾಲು ಸರಿಸಿದ. ಚೌತಿಗೆ ಬಿಣಗಾದಲ್ಲಿ ಗೆದ್ದ ಬುಲೆಟ್ ಬರಿಮೈಯಲ್ಲಿ ನಿಂತಿತ್ತು. ಮೇಲಿನ ಹಲಗೆಯಿಂದ, ದೀಪಾವಳಿಗೆ ಹಾರವಾಡದಲ್ಲಿ ಮಧುಕರನಿಂದ ಗೆದ್ದ ಟ್ಯಾಂಕನ್ನು ಇಳಿಸಿದ. ನಿಜಕ್ಕೂ ತೆಂಗಿನಕಾಯಿ ಬಿದ್ದ ತಗ್ಗನ್ನು ಅಂಗೈಯಲ್ಲಿ ಒರೆಸಿ, ಗಾಡಿಯ ಮೇಲೆ ಕೂರಿಸಿದ. ಪಾನಾ ಮುಟ್ಟಲಿಲ್ಲ, ಹಿಂದಿನ ಬೋಲ್ಟನ್ನು ಒಂದೇ ಬೆರಳಿನಿಂದ ಒತ್ತಿದ.

ಅಂತರ, ಸೊನ್ನೆ ಮಿಲಿಮೀಟರ್.