ರಿಂಪೋಚೆಯವರ ಬಟ್ಟಲು

"ನಾನು ಹೇಳ್ತಿರೋದು ಅಕ್ಷರ ಅಕ್ಷರ ಸತ್ಯ. ಸುಳ್ಳಾದ್ರೆ ಮುಂದಿನ ಜನ್ಮದಲ್ಲಿ ಹೇಸರಗತ್ತೆಯಾಗಿ ಇದೇ ಏರು ಹತ್ತುತೀನಿ. ಈ ಬಟ್ಟಲು ರಿಂಪೋಚೆಯವರದೇ" ಎಂದು ಲುಂಡುಪ್ ಆಣೆ ಮಾಡಿದ.

ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಮುಂದೆ ಹೋಗುತ್ತಿದ್ದ ಗುರು ತಾರ್ಚಿನ್ ತಿರುಗಿ ನೋಡಿದರು. ಹಿಂದೆ ಏದುಸಿರು ಬಿಡುತ್ತಿದ್ದ ಉಗ್ರಾಣದ ಯೊಂತೆನ್ ತಲೆ ತಗ್ಗಿಸಿದ.

"ಉಸಿರು ಉಳಿಸ್ಕೊಳ್ಳೋ. ಗುಡ್ಡದ ನೆತ್ತಿ ಇನ್ನೂ ಮೇಲಿದೆ" ಎಂದಷ್ಟೇ ಹೇಳಿ ಗುರುಗಳು ನಡೆದರು.

ಇವರಿಗೆ ಗೊತ್ತಾಗಿದೆ ಎಂದುಕೊಂಡ ಲುಂಡುಪ್.

ಯರ್ಮ ಗೊಂಪಾದ ಮಠಾಧಿಪತಿ, ಹಿರಿಯ ರಿಂಪೋಚೆ, ದೇಹ ಬಿಟ್ಟು ಕೆಲವು ವರ್ಷಗಳಾಗಿದ್ದವು. ಗುಡ್ಡದಾಚೆಯ ಲುಂಗ್ದೊದಲ್ಲಿ ಒಂದು ಮಗು ಗೊಂಪಾದ ದಿಕ್ಕಿಗೆ ಬೆರಳು ಮಾಡಿ 'ಮನೆ' ಅನ್ನುತ್ತದೆಂದು ಸುದ್ದಿ ಬಂದಿತ್ತು. ಅವರೇ ಮರಳಿ ಹುಟ್ಟಿದ್ದಾರೋ ಎಂದು ನೋಡಲು ಹಳೆಯ ಪದ್ಧತಿ ಇದೆ. ಅವರು ಬಳಸಿದ ಸಾಮಾನುಗಳನ್ನು ಅಂಥವೇ ಬೇರೆ ಸಾಮಾನುಗಳ ಜೊತೆ ಬೆರೆಸಿ ಮಗುವಿನ ಮುಂದಿಡಬೇಕು. ತನ್ನದನ್ನು ಅದು ತಾನಾಗಿ ಎತ್ತಿಕೊಳ್ಳಬೇಕು. ಗುರುಗಳ ಚೀಲದಲ್ಲಿ ಪೂಜೆಯ ಗಂಟೆ ಇತ್ತು, ಯೊಂತೆನ್ ಚೀಲದಲ್ಲಿ ಜಪಮಾಲೆ. ರಿಂಪೋಚೆಗೆ ಜೀವಮಾನವೆಲ್ಲ ಚಹಾ ಕಾಸಿದ ಲುಂಡುಪ್, ಅವರ ಮರದ ಬಟ್ಟಲನ್ನು ಎದೆಗವಚಿ ತಂದಿದ್ದ.

ಅವರ ಬಟ್ಟಲನ್ನಲ್ಲ. ಅದನ್ನು ಒಣಗಲೆಂದು ಒಲೆಯ ಪಕ್ಕ ಇಟ್ಟು ಅವನು ನಿದ್ದೆ ಹೋಗಿದ್ದ. ಎದ್ದಾಗ ಸೀಳಿತ್ತು. ಯಾರಾದರೂ ನೋಡುವ ಮೊದಲೇ ಅದೇ ಒಲೆಗೆ ಹಾಕಿದ. ಚೆನ್ನಾಗಿ ಉರಿಯಿತು. ಈಗ ಎದೆಯ ಮೇಲಿದ್ದದ್ದು ಲೇಹ್ ಪೇಟೆಯದು.

ಮಗು ಇದನ್ನು ಎತ್ತಿಕೊಂಡರೆ ಯಾರದೋ ಮಗುವಿಗೆ ಪಟ್ಟ. ಎತ್ತಿಕೊಳ್ಳದಿದ್ದರೆ, ನಿಜವಾದ ರಿಂಪೋಚೆ ಲುಂಗ್ದೊದಲ್ಲಿ ಮೇಕೆ ಕಾಯುತ್ತಾ ಉಳಿದುಬಿಡುತ್ತಾರೆ. ಎರಡೂ ಲುಂಡುಪ್‌ನ ತಲೆಗೇ.

ದಾರಿಯಲ್ಲಿ ಸಿಕ್ಕ ಪುಟ್ಟ ಗೊಂಪಾದಲ್ಲಿ ಅವನು ಬೆಣ್ಣೆ ದೀಪ ಹಚ್ಚಿದ. ಸಾಲದೆನಿಸಿ ಇನ್ನೊಂದು ಹಚ್ಚಿದ. ನೋಡಿದರೆ ಯೊಂತೆನ್ ಕೂಡ ಇನ್ನೊಂದು ಹಚ್ಚುತ್ತಿದ್ದ. ಗುರುಗಳಂತೂ ಅಡ್ಡಬಿದ್ದವರು ಏಳಲೇ ಇಲ್ಲ.

"ಬೆಣ್ಣೆ ಎಲ್ಲಾ ನೀವೇ ಮುಗಿಸ್ತೀರಲ್ಲಪ್ಪಾ! ಯಾರನ್ನ ಕೊಂದು ಬಂದಿದೀರಿ?" ಎಂದ ಅಲ್ಲಿನ ಮುದಿ ಭಿಕ್ಷು.

ಮೂವರೂ ಚೀಲ ಹೆಗಲಿಗೇರಿಸಿ ಲಗುಬಗೆಯಿಂದ ಹೊರಟರು.

ಗುಡ್ಡದ ನೆತ್ತಿಯಲ್ಲಿ ಪ್ರಾರ್ಥನೆಯ ಬಾವುಟಗಳ ಕೆಳಗೆ ನಿಂತು 'ಲ್ಹಾ ಗ್ಯಲೊ', ದೇವರಿಗೆ ಜಯ, ಎಂದು ಆ ದೇವರಿಗೇ ಕೇಳುವ ಹಾಗೆ ಕೂಗಬೇಕು. ಮೂವರೂ ಪಿಸುಗುಟ್ಟಿದರು.

"ಗೆನ್‌ಲೆ, ಮಗು ಇನ್ನೂ ಚಿಕ್ಕದು. ಮುಂದಿನ ವರ್ಷ ಬರೋಣ್ವಾ?" ಎಂದು ಯೊಂತೆನ್ ಗುರುಗಳನ್ನು ಕೇಳಿದ.

"ನನಗೂ ಹಾಗೇ ಅನ್ಸುತ್ತೆ" ಎಂದರು ಗುರುಗಳು, ಬಹಳ ಬೇಗ.

ತನ್ನ ಮಾನ ಉಳಿಸಲು ಪಾಪ ಎಷ್ಟು ಒದ್ದಾಡುತ್ತಿದ್ದಾರೆ ಎಂದುಕೊಂಡ ಲುಂಡುಪ್. ಆದರೆ ಕೆಳಗೆ ಲುಂಗ್ದೊದವರು ಇವರನ್ನು ಕಂಡು ಆಗಲೇ ಧೂಪದ ಹೊಗೆ ಎಬ್ಬಿಸಿದ್ದರು. ಇಳಿಯಲೇಬೇಕಾಯಿತು.

ಮಗುವಿನ ತಾಯಿ ಪುತಿತ್ ಗಂಡ ಸತ್ತವಳು. ಕಣ್ಣು ಊದಿತ್ತು. ಉಪ್ಪು ಚಹಾ ಸುರಿಯುವಾಗ ಅರ್ಧ ಚಾಪೆಗೆ ಹೋಯಿತು.

"ಹೆದರ್ಕೋಬೇಡ ಅಮಾಲೆ" ಎಂದರು ಗುರುಗಳು.

"ನೀವ್ಯಾಕೆ ಬೆವರ್ತಿದೀರಿ ಗೆನ್‌ಲೆ?" ಎಂದು ಕೇಳಿ ಅವಳು ಅಡುಗೆಮನೆಗೆ ಹೋದಳು.

ಗುರುಗಳೇ ಹೇಳಿ ಕಿಟಕಿಗೆ ಕಂಬಳಿ ಇಳಿಬಿಡಿಸಿದರು. ಮಬ್ಬಿನಲ್ಲಿ ಗಂಟೆಗಳು, ಮಾಲೆಗಳು, ಬಟ್ಟಲುಗಳು ಮಣೆಯ ಮೇಲೆ ಸಾಲಾಗಿ ಕೂತವು. ಹುಡುಗ ಮೂಗು ಸುರಿಸುತ್ತಾ ಬಂದ.

"ಯಾವುದು ನಿಂದು, ನೋನೋ? ತಗೋ" ಎಂದರು ಗುರುಗಳು ಹುಡುಗನಿಗೆ.

ಹುಡುಗ ಗಂಟೆ ನೋಡಿದ, ಮಾಲೆ ನೋಡಿದ. ಲೇಹ್ ಪೇಟೆಯ ಬಟ್ಟಲನ್ನು ಬಹಳ ಹೊತ್ತು ನೋಡಿದ. ಆಮೇಲೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

"ಒಂದೂ ನಂದಲ್ಲ. ಎಲ್ಲಾ ಬೇರೆಯವ್ರದು."

ಮುಗಿಯಿತು. ಗುರುಗಳು ನಿಟ್ಟುಸಿರು ಬಿಟ್ಟು ಸಾಮಾನು ಚೀಲಕ್ಕೆ ತುಂಬತೊಡಗಿದರು. ಲುಂಡುಪ್ ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಲು ಹೊರಟ. ಆಗಲಿಲ್ಲ.

"ಬಟ್ಟಲಿನ ವಿಷಯದಲ್ಲಿ ಹುಡುಗ ಹೇಳಿದ್ದೇ ಸರಿ ಗೆನ್‌ಲೆ. ಇದು ಅವರದಲ್ಲ. ಅವರದನ್ನ ನಾನು ಸುಟ್ಟೆ" ಎಂದು ನೆಲಕ್ಕೆ ಹಣೆ ಹಚ್ಚಿದ. ಬೈಗುಳಕ್ಕೆ ಕಾದ.

ಬರಲಿಲ್ಲ. ಯೊಂತೆನ್ ಕೆಮ್ಮಿದ. "ಮಾಲೆ ಹೊಳೇಲಿದೆ. ಸೇತುವೆ ಮೇಲೆ ದಾರ ಹರೀತು. ಇದು ನಮ್ಮ ಚಿಕ್ಕಮ್ಮಂದು."

ಇಬ್ಬರೂ ಗುರುಗಳನ್ನು ನೋಡಿದರು.

"ನಾಯಿ ಬೊಗಳ್ತಾ ಇತ್ತು" ಎಂದರು ಗುರುಗಳು.

"ಯಾವ ನಾಯಿ?"

"ಪೂಜೆ ಹೊತ್ತಲ್ಲಿ. ಕೈಗೆ ಸಿಕ್ಕಿದ್ದನ್ನ ಎಸೆದೆ. ಗಂಟೆ ಪ್ರಪಾತಕ್ಕೆ ಹೋಯ್ತು. ನಾಯಿ ಈಗ್ಲೂ ಬೊಗಳುತ್ತೆ."

ಮೂವರೂ ಮಣೆಯನ್ನು ನೋಡಿದರು. ಅಲ್ಲಿ ರಿಂಪೋಚೆಯವರದು ಒಂದೂ ಇರಲಿಲ್ಲ. ಒಂದನ್ನೂ ಮುಟ್ಟದೆ ನಿಂತಿದ್ದ ಹುಡುಗನನ್ನು ನೋಡಿದರು. ಮೊದಲು ಯಾರು ಅಡ್ಡಬಿದ್ದರೋ ತಿಳಿಯದು. ಲುಂಡುಪ್ ಆ ಪುಟ್ಟ ಪಾದಗಳನ್ನು ಹಿಡಿದು ಗಳಗಳ ಅತ್ತ. ಎದೆಯ ಮೇಲಿನ ಬಂಡೆ ಉರುಳಿಹೋಗಿತ್ತು. ಹಳ್ಳಿಗೆ ಸಾರಲು ಗುರುಗಳು ಶಂಖ ಹಿಡಿದು ಯೊಂತೆನ್ ಜೊತೆ ಮಾಳಿಗೆಯ ಏಣಿ ಹತ್ತಿದರು.

ಅಡುಗೆಮನೆಯಿಂದ ಪುತಿತ್ ಓಡಿಬಂದು ಲುಂಡುಪ್‌ನ ತೋಳು ಹಿಡಿದಳು.

"ಆಚೊ, ಅವನನ್ನ ಕರ್ಕೊಂಡು ಹೋಗ್ಬೇಡಿ! ನನಗಿರೋನು ಇವನೊಬ್ನೇ. ನೀವು ಬರ್ತೀರಿ ಅಂತ ಗೊತ್ತಾದಾಗಿಂದ ನಾನೇ ಹೇಳ್ಕೊಟ್ಟೆ. ಏನು ತೋರ್ಸಿದ್ರೂ ಕೈ ಹಿಂದಕ್ಕೆ ಕಟ್ಕೊ, ಎಲ್ಲಾ ಬೇರೆಯವ್ರದು ಅಂತ ಹೇ—"

ಶಂಖದ ಸದ್ದಿನಲ್ಲಿ ಏನೂ ಕೇಳಿಸುತ್ತಿಲ್ಲ ಎಂದು ಕಿವಿ ತೋರಿಸುತ್ತಾ ಲುಂಡುಪ್ ಹೊರಗೆ ನಡೆದ. ಗುರುಗಳು ಇನ್ನೂ ಶಂಖವನ್ನು ಬಾಯಿಗಿಟ್ಟಿರಲಿಲ್ಲ.