ಆ ವಾರದ ನಗು

"ಅಪ್ಪ, ಗಡಿಯಾರ ನೋಡೋ ಹಾಗೆ ಒಂದು ಕಣ್ಣು ಮುಚ್ಚಬೇಡ. ಇದಕ್ಕೆ ಎರಡೂ ಬೇಕು," ಎಂದಳು ಮಗಳು.

ಗಡಿಯಾರ ರಿಪೇರಿಯವನು ಮುಚ್ಚಿದ್ದ ಎಡಗಣ್ಣು ತೆರೆದು ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದ. ಮಗಳ ಪ್ರಯೋಗಾಲಯಕ್ಕೆ ಅವನು ಬಂದದ್ದು ಇದೇ ಮೊದಲು. ಹೆಂಡತಿಯನ್ನು ಕೊಂಡೊಯ್ದ ಮಲೇರಿಯಾದ ಮುಖ ಒಮ್ಮೆ ನೋಡಲೇಬೇಕೆಂದು ಹಟ ಹಿಡಿದು, ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ.

ಕತ್ತಲೆಯಲ್ಲಿ ಹಸಿರು ಎಳೆಯೊಂದು ಹೊಳೆಯುತ್ತಾ ಜಾರುತ್ತಿತ್ತು.

"ಇದಾ? ಇಷ್ಟೇ ಇಷ್ಟು! ನೋಡೋಕೆ ಚೆನ್ನಾಗೇ ಇದೆಯಲ್ಲೇ, ಹಾಳಾದ್ದು."

"ಹೊಳೆಯೋ ಹಾಗೆ ಮಾಡಿರೋದು ನಾವು. ಸೊಳ್ಳೆ ಕಚ್ಚಿದಾಗ ಚರ್ಮದಿಂದ ರಕ್ತಕ್ಕೆ ಇಳಿದು, ಸೀದಾ ಲಿವರ್‌ಗೆ ಹೋಗುತ್ತೆ. ಅಲ್ಲಿ ಕಾವಲಿಗೆ ಅಂತಲೇ ಜೀವಕೋಶಗಳಿವೆ. ಆ ಕಾವಲುಗಾರನ ಮೈಯೊಳಗೇ ತೂರಿ ಆಚೆ ಹೋಗಿಬಿಡುತ್ತೆ."

"ಬೇಲಿನೇ ಎದ್ದು ಹೊಲ ಮೇಯ್ತು ಅನ್ನು."

"ಪಾಪ, ಬೇಲಿದೇನೂ ತಪ್ಪಿಲ್ಲಪ್ಪ, ಇದು ಅಂಥಾ ಕಳ್ಳ. ಆಮೇಲೆ ಲಿವರ್‌ನ ಒಂದು ಕೋಶದೊಳಗೆ ಮನೆ ಮಾಡಿಕೊಂಡು, ಒಂದಿದ್ದದ್ದು ಸಾವಿರಾರು ಆಗುತ್ತೆ. ಕೋಶ ಒಡೆದು ಎಲ್ಲಾ ರಕ್ತಕ್ಕೆ ನುಗ್ಗಿದ ಮೇಲೇ ಚಳಿ, ಜ್ವರ."

ಅವನು ತಲೆ ಎತ್ತಿದ. "ಒಳಗೆ ಅಷ್ಟೆಲ್ಲಾ ನಡೀವಾಗ ನೋವಿರುತ್ತಲ್ಲ?"

"ಇಲ್ಲಪ್ಪ. ಒಂದು ಚೂರೂ ಗೊತ್ತಾಗಲ್ಲ."

ಅವನು ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತ. ಜ್ವರ ಬರುವ ವಾರದ ಮೊದಲೇ ಕಾಯಿಲೆ ಮೈ ಹೊಕ್ಕಿತ್ತು ಎಂದಿದ್ದರು ಅಂದಿನ ವೈದ್ಯರು. ಆ ವಾರವೆಲ್ಲಾ ಹೆಂಡತಿ ನಗುನಗುತ್ತಾ ಓಡಾಡಿಕೊಂಡಿದ್ದಳು. ಹಾಗಾದರೆ ನೋವು ನುಂಗಿಕೊಂಡು ನನಗಾಗಿ ನಕ್ಕಳು ಎಂಬ ಮುಳ್ಳು ಅಂದಿನಿಂದ ಅವನ ಎದೆಯಲ್ಲಿ ಮುರಿದು ಕೂತಿತ್ತು. ಮಗಳು ಅಮ್ಮನ ಸುದ್ದಿ ಎತ್ತಿದಾಗಲೆಲ್ಲ ಅವನು ಮಾತು ಮರೆಸುತ್ತಿದ್ದ.

"ಪುಟ್ಟಿ, ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

"ನಿನ್ನಾಣೆಗೂ ಇಲ್ಲ. ಅದು ಲಿವರ್‌ನಲ್ಲಿ ಇರೋವಷ್ಟು ದಿನ ಅಮ್ಮ ಆರಾಮಾಗೇ ಇದ್ದಿರ್ತಾಳೆ."

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಒರೆಸುತ್ತಾ ಒರೆಸುತ್ತಾ ಅವನ ತುಟಿ ಅರಳಿತು.

"ನೀನು ಮೊದಲು ಕೈಬಿಟ್ಟು ನಡೆದದ್ದು ಆ ವಾರವೇ ಕಣೇ. ನಾನು ಬಾ ಬಾ ಅಂತ ಕೈ ಚಾಚಿಕೊಂಡು ಕೂತಿದ್ದೀನಿ, ನೀನು ನನ್ನ ಕಡೆ ತಿರುಗಿಯೂ ನೋಡದೆ ಬೆಕ್ಕಿನ ಹಿಂದೆ ಹೊರಟುಬಿಟ್ಟೆ. ನನ್ನ ಪೆಚ್ಚುಮುಖ ನೋಡಿ ನಿಮ್ಮಮ್ಮ ಹೊಟ್ಟೆ ಹಿಡ್ಕೊಂಡು ನಕ್ಕಳು. ಸಾಕು ಸಾಕು ಅಂದ್ರೂ ನಿಲ್ಲಿಸಲೇ ಇಲ್ಲ."

ಈ ಸಂಗತಿ ಮಗಳು ಕೇಳಿಯೇ ಇರಲಿಲ್ಲ. ಇನ್ನೊಂದು ಸ್ಟೂಲು ಎಳೆದುಕೊಂಡು ಅಪ್ಪನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತಳು.

"ಹೇಗೆ ನಗ್ತಿದ್ದಳು ಅಪ್ಪ? ಮಾಡಿ ತೋರಿಸು."

ಅವನು ಒಂದು ಗಳಿಗೆ ಸಂಕೋಚಪಟ್ಟ. ಆಮೇಲೆ ತಲೆ ಹಿಂದಕ್ಕೆ ಚೆಲ್ಲಿ, ಹೆಂಡತಿಯ ಹಾಗೆಯೇ, ಗೊಳ್ಳೆಂದು ನಕ್ಕ. ಪಕ್ಕದ ಕೋಣೆಯವರು ಬಾಗಿಲು ತೆರೆದು ಇಣುಕಿದರು.