ಹೊರಗಿನವರು ಯಾರೂ ಬಂದಿಲ್ಲ

ಕಳುವಾಗಿದ್ದ ಲ್ಯಾಪ್‌ಟಾಪಿನ ಹೆಸರು ಪರದೆಯ ಮೇಲೆ ಕೆಂಪಾಗಿ ಮಿನುಗಿತು. ಭಾಗ್ಯಜ್ಯೋತಿ ಕುರ್ಚಿಯಿಂದ ಅರ್ಧ ಎದ್ದಳು. ಸಿಕ್ಕಿಬಿದ್ದ ಕಳ್ಳ!

ಜೆ.ಪಿ. ನಗರದಲ್ಲಿ ಅವಳು ಕೆಲಸ ಮಾಡುತ್ತಿದ್ದ ಔಷಧಿ ಕಂಪನಿಯ ಕಂಪ್ಯೂಟರುಗಳೆಲ್ಲ ಡೊಮೇನ್ ಎಂಬ ಒಂದೇ ಜಾಲದ ಸೂರಿನಡಿ ಇದ್ದವು. ಅವಕ್ಕೆ ಅವಳು ಕೂತಲ್ಲಿಂದಲೇ ಆಂಟಿವೈರಸ್ ಹಾಕುತ್ತಿದ್ದಳು. ಊರೂರು ತಿರುಗುವ ಮಾರಾಟದವರ ಲ್ಯಾಪ್‌ಟಾಪ್‌ಗಳು ಮಾತ್ರ ಆ ಸೂರಿನ ಹೊರಗೆ. ಪೆನ್‌ಡ್ರೈವ್ ವೈರಸ್‌ಗಳ ಕಾಲ ಅದು. ಒಂದೊಂದನ್ನೂ ತರಿಸಿಕೊಂಡು, ಅವರಿಂದ ಬೈಸಿಕೊಂಡು, ಕೈಯಾರೆ ಹಾಕಬೇಕಿತ್ತು. ಆಮೇಲೆ ಅದು ಎಲ್ಲೇ ಇಂಟರ್ನೆಟ್ ಹಿಡಿದರೂ ವೈರಸ್ ಸಿಕ್ಕ ವರದಿ ಇವಳಿಗೆ ಬರುತ್ತಿತ್ತು. ಕದ್ದವನಿಗೆ ಇದೆಲ್ಲ ಎಲ್ಲಿ ಗೊತ್ತು, ಪಾಪ!

ಹೋದ ತಿಂಗಳು ಹಾಗೆ ಒಂದಕ್ಕೆ ಹಾಕಿ ಮುಗಿಸಿ ಊಟಕ್ಕೆ ಎದ್ದುಹೋಗಿ ಬರುವಷ್ಟರಲ್ಲಿ, ಅವಳ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಮಾಯವಾಗಿತ್ತು. "ಹೊರಗಿನವ್ರು ಯಾರೂ ಬಂದಿಲ್ರೀ ಸಾಹೇಬ್ರ" ಎಂದು ಸೆಕ್ಯೂರಿಟಿ ಭೀಮಪ್ಪನೇ ಹೇಳಿದ. ಹಾಗಾದರೆ ನೀನೇ ಕದ್ದದ್ದು ಎಂದು ಮ್ಯಾನೇಜರ್ ದಿನೇಶ್ ಅವತ್ತೇ ಅವನನ್ನು ಕಿತ್ತುಹಾಕಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅವತ್ತು ಊಟದ ಹೊತ್ತಿನಲ್ಲಿ ಅವಳ ಕೋಣೆಯ ಸುತ್ತ ಸುಳಿದಾಡುತ್ತಿದ್ದವನು ದಿನೇಶನೇ. ಆದರೆ ಮ್ಯಾನೇಜರನ್ನು ಕೇಳುವ ಧೈರ್ಯ ಯಾರಿಗಿದೆ?

ಭೀಮಪ್ಪ ಅವಳ ಊರಿನ ಕಡೆಯವನು, ಗದಗಿನವನು. ಅವಳನ್ನು ಮಗಳೆಂದೇ ತಿಳಿದಿದ್ದ. ಅವಳ ಗಂಡ ಸಂಗಮೇಶ ಬಿಟಿಎಂ ಬಡಾವಣೆಯ ತನ್ನ ಡಿಟಿಪಿ ಅಂಗಡಿಯಿಂದ ಊಟದ ಡಬ್ಬಿ ತಂದರೆ, "ನಮ್ಮ ಅಳಿಯಂದ್ರು" ಎಂದು ಎದ್ದು ನಿಂತು ಒಳಗೆ ಬಿಡುತ್ತಿದ್ದ. ಅಂಥ ಮನುಷ್ಯ ಕದಿಯುತ್ತಾನೆಯೇ? ಥೂ! ಕಳ್ಳನೆಂಬ ಹೆಸರು ಬಂದಮೇಲೆ ಯಾವ ಗೇಟಿನಲ್ಲೂ ಅವನಿಗೆ ಕೆಲಸ ಸಿಕ್ಕಿರಲಿಲ್ಲ. ಇವತ್ತೂ ಬಂದು ರಿಸೆಪ್ಶನ್ನಿನಲ್ಲಿ ಕೂತಿದ್ದ.

"ನೀ ಒಂದ್ ಮಾತು ಹೇಳವ್ವಾ. ನೀ ಹೇಳಿದ್ರ ಕೇಳ್ತಾರ."

"ನಿಮ್ಮ ಮ್ಯಾಲಿನ ಕಳಂಕ ತಗದ ತೀರ್ತೀನಿ ಕಾಕಾ" ಎಂದು ಬೆಳಿಗ್ಗೆಯಷ್ಟೇ ಮಾತು ಕೊಟ್ಟಿದ್ದಳು.

ಈಗ ಫೋನೆತ್ತಿ ದಿನೇಶನನ್ನು ಕರೆದಳು. "ಬನ್ನಿ ಸಾರ್. ಕಳ್ಳ ಯಾರು ಅಂತ ನೀವೇ ಕಣ್ಣಾರೆ ನೋಡಿ." ಅವನ ಮುಖ ಬಿಳಿಚಿಕೊಳ್ಳುವುದನ್ನು ನೋಡಬೇಕೆಂಬ ಆಸೆ ಅವಳಿಗೆ. ಅವನು ಬರುವುದರೊಳಗೆ ಕೆಂಪು ಸಾಲನ್ನು ಒತ್ತಿ ವರದಿ ತೆರೆದಳು. ಓದಿದಳು. ಇನ್ನೊಮ್ಮೆ ಓದಿದಳು.

ದಿನೇಶ್ ಒಳಗೆ ಬಂದಾಗ ಆ ಲ್ಯಾಪ್‌ಟಾಪ್ ಪಟ್ಟಿಯಲ್ಲೇ ಇರಲಿಲ್ಲ.

"ಎಲ್ಲಿ ಮೇಡಂ? ಯಾರದು?"

"ಸಾರಿ ಸಾರ್. ಅದು ಬೇರೆ ಮಷೀನು. ತಪ್ಪಾಗಿ ನೋಡ್ಬಿಟ್ಟೆ."

"ಅವತ್ತೇ ಹೇಳ್ಲಿಲ್ವಾ ನಾನು? ಆ ಮುದುಕಂದೇ ಕೆಲ್ಸ. ನಿಮ್ ಕಡೆಯವ್ನು ಅಂತ ನೀವು ಸುಮ್ನೆ ವಹಿಸ್ಕೊಂಡ್ ಬರ್ತೀರ."

"ಹೂಂ ಸಾರ್. ನೀವ್ ಹೇಳಿದ್ದೇ ಸರಿ ಇರ್ಬೇಕು."

ಗಾಜಿನ ಬಾಗಿಲಾಚೆ ಭೀಮಪ್ಪ ಆಸೆಯಿಂದ ಎದ್ದು ನಿಂತ. ಅವಳು ತಲೆ ಎತ್ತಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಅವಳು ಅಳಿಸಿದ ವರದಿಯಲ್ಲಿ, ವೈರಸ್ ತಗುಲಿದ ಫೈಲಿನ ಹೆಸರಿತ್ತು: ‘ಸಂಗಮೇಶ ವೆಡ್ಸ್ ಭಾಗ್ಯಜ್ಯೋತಿ’.